ಲೋಹ ಹಿಡಿಯುವ ವಸ್ತು ಸಿಕ್ಕಿದೆ, ಹಿಡಿದ ಲೋಹ ಎಲ್ಲಿಗೆ ಹೋಗಬೇಕು?

2025ರ ಅಕ್ಟೋಬರ್ 8ರಂದು ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅದನ್ನು ಹಂಚಿಕೊಂಡರು. ಲೋಹದ ಅಯಾನುಗಳನ್ನೂ ಸಾವಯವ ಅಣುಗಳನ್ನೂ ಜೋಡಿಸಿ, ಒಳಗೆಲ್ಲ ಟೊಳ್ಳಿರುವ ಹರಳು ಕಟ್ಟುವ ವಿದ್ಯೆಗೆ ಆ ಗೌರವ ಸಿಕ್ಕಿತು. ಈ ಹರಳುಗಳಿಗೆ ಎಂಒಎಫ್ (ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್) ಎಂದು ಹೆಸರು. ಮರುಭೂಮಿಯ ಗಾಳಿಯಿಂದ ನೀರು ತೆಗೆಯಬಹುದು, ಇಂಗಾಲದ ಡೈಆಕ್ಸೈಡ್ ಹಿಡಿಯಬಹುದು, ಕೊಳಕು ನೀರನ್ನು ಶುದ್ಧ ಮಾಡಬಹುದು ಎಂದು ಸುದ್ದಿಗಳು ಬಂದವು.

ಇಂಥ ಸುದ್ದಿ ಹೊಸದೇನಲ್ಲ. ನೀರಿನಲ್ಲಿರುವ ಸೀಸವನ್ನು ಶೇ 99ರಷ್ಟು ಹೀರುವ ಪುಡಿ ಸಿದ್ಧವಾಗಿದೆ, ಸಿಗಡಿ ಚಿಪ್ಪಿನಿಂದ ಕ್ರೋಮಿಯಂ ತೆಗೆಯಬಹುದು, ಹಾರುಬೂದಿಯಿಂದ ನಿಕ್ಕಲ್ ಹಿಡಿಯಬಹುದು ಎಂಬ ವರದಿಗಳು ವರ್ಷವಿಡೀ ಬರುತ್ತವೆ. ಅದೇ ಪತ್ರಿಕೆಗಳಲ್ಲಿ ವೃಷಭಾವತಿ ನದಿಯ ಕಪ್ಪು ನೀರಿನ ಸುದ್ದಿ ಇರುತ್ತದೆ. ಬೈರಮಂಗಲ ಕೆರೆಯ ಕೆಳಗಿನ ಹೊಲಗಳ ಸುದ್ದಿ ಇರುತ್ತದೆ. ಕೋಲಾರಕ್ಕೆ ಹರಿಯುವ ಬೆಂಗಳೂರಿನ ಸಂಸ್ಕರಿತ ನೀರಿನಲ್ಲಿ ಭಾರ ಲೋಹ ಇದೆಯೋ ಇಲ್ಲವೋ ಎಂಬ ಜಗಳವೂ ಇರುತ್ತದೆ.

ಓದುವವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಶೇ 99ರಷ್ಟು ತೆಗೆಯುವ ವಸ್ತು ಇದ್ದರೆ ಅದನ್ನು ಯಾಕೆ ಬಳಸುತ್ತಿಲ್ಲ? ಪ್ರಯೋಗಾಲಯದಲ್ಲಿ ಸಿಕ್ಕ ಫಲಿತಾಂಶ ಸುಳ್ಳಲ್ಲ. ಆದರೆ ಆ ಅಂಕಿ ಒಂದು ನಿರ್ದಿಷ್ಟ ನೀರಿಗೆ, ಒಂದು ನಿರ್ದಿಷ್ಟ ಹೊತ್ತಿಗೆ ಸೇರಿದ್ದು. ಆ ವಸ್ತುವನ್ನು ನೀರಿನ ದಾರಿಯಲ್ಲಿ ಎಲ್ಲಿ ಇಡುತ್ತೇವೆ, ತುಂಬಿದ ಮೇಲೆ ಅದನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ.

ಕೊಳೆಯದ ಕೊಳಕು

ಮನೆಯ ಕೊಳಚೆಯಲ್ಲಿ ಇರುವುದು ಹೆಚ್ಚಾಗಿ ಸಾವಯವ ವಸ್ತು. ಗಾಳಿ ಕೊಟ್ಟರೆ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ಭಾರ ಲೋಹ ಹಾಗಲ್ಲ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ, ಪಾದರಸ ಎಲ್ಲವೂ ಮೂಲಧಾತುಗಳು. ಅವನ್ನು ಒಡೆದು ಇಲ್ಲವಾಗಿಸಲು ಯಾವ ಸೂಕ್ಷ್ಮಜೀವಿಯಿಂದಲೂ ಆಗದು, ಯಾವ ರಾಸಾಯನಿಕದಿಂದಲೂ ಆಗದು. ನಾವು ಮಾಡಬಹುದಾದದ್ದು ಎರಡೇ. ಅವುಗಳ ರೂಪ ಬದಲಿಸಬಹುದು. ಇಲ್ಲವೇ ಇದ್ದ ಜಾಗದಿಂದ ಬೇರೆ ಜಾಗಕ್ಕೆ ಸಾಗಿಸಬಹುದು.

ಹಾಗಾಗಿ 'ಲೋಹ ತೆಗೆದೆವು' ಎಂದು ಯಾರಾದರೂ ಹೇಳಿದರೆ ಲೋಹ ನೀರಿನಿಂದ ಬೇರೆಲ್ಲಿಗೋ ಹೋಗಿದೆ ಎಂದಷ್ಟೇ ಅರ್ಥ. ಅದು ಎಲ್ಲಿಗೆ ಹೋಯಿತು ಎಂದು ಕೇಳಲೇಬೇಕು.

ಹೊಲಕ್ಕೆ ಬಂದ ಲೋಹ ಮಣ್ಣಿನಲ್ಲಿ ಕೂರುತ್ತದೆ. ವರ್ಷ ವರ್ಷಕ್ಕೂ ಜಮೆ ಆಗುತ್ತಾ ಹೋಗುತ್ತದೆ. ಸೀಸ ಬಹುಪಾಲು ಮಣ್ಣಿಗೇ ಕಚ್ಚಿಕೊಳ್ಳುತ್ತದೆ. ಕ್ಯಾಡ್ಮಿಯಂ ಮಾತ್ರ ಸುಲಭವಾಗಿ ಬೇರಿನೊಳಗೆ ನುಗ್ಗಿ ಸೊಪ್ಪಿಗೆ, ಕಾಳಿಗೆ ಏರುತ್ತದೆ. ಜಪಾನಿನ ಜಿನ್‌ಜು ನದಿ ಬಯಲಿನಲ್ಲಿ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಗದ್ದೆಗೆ ಸೇರಿತು, ಅಕ್ಕಿಯ ಮೂಲಕ ಜನರ ಮೈಗೆ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ಮುರಿಯುವ ಇಟಾಯ್-ಇಟಾಯ್ ಕಾಯಿಲೆ ಬಂತು. ಅದು ಮಾಲಿನ್ಯದಿಂದ ಬಂದ ರೋಗ ಎಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಕಾಯಿಲೆ ಕಾಣಿಸಿಕೊಂಡು ಆಗಲೇ ದಶಕಗಳು ಕಳೆದಿದ್ದವು.

ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) 'ಪಾಸ್' ಎಂದರೆ ಏನು

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯನ್ನು ಜನ ಕೆ.ಸಿ. ವ್ಯಾಲಿ ಎಂದೇ ಕರೆಯುತ್ತಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ನೀರು ಹರಿಯಿತು. ಮುಂದಿನ ತಿಂಗಳೇ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ತಡೆ ಬಿತ್ತು, ಆಮೇಲೆ ತೆರವಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಕೊಟ್ಟು ನಂತರ ತೆರವು ಮಾಡಿತು. ನೀರು ಹರಿಯುವುದು ಮುಂದುವರಿಯಿತು, ಜಗಳವೂ ಮುಂದುವರಿಯಿತು.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಸರ್ಕಾರದ ಕಡೆಯವರ ವಾದ ಇಷ್ಟು: ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಗೆ ಕೆರೆ ತುಂಬಿಸುವ ನೀರು ಸಿಕ್ಕಿದೆ, ಅಂತರ್ಜಲ ಏರಿದೆ. ನೀರನ್ನು ನೇರವಾಗಿ ಕುಡಿಯಲು ಕೊಡುತ್ತಿಲ್ಲ, ಹೊಲಕ್ಕೆ ಪಂಪ್ ಮಾಡುವಂತಿಲ್ಲ, ಅದು ಮಣ್ಣಿನ ಮೂಲಕ ಇಂಗಿ ಬೋರ್‌ವೆಲ್‌ಗೆ ಸೇರುತ್ತದೆ. ಮಾನದಂಡದ ಪ್ರಕಾರವೇ ಸಂಸ್ಕರಣೆ ಆಗುತ್ತಿದೆ. ರೈತ ಸಂಘಟನೆಗಳು ಮತ್ತು ನೀರಾವರಿ ಹೋರಾಟಗಾರರು ಬೇರೆ ಮಾತು ಹೇಳುತ್ತಾರೆ. ಬ್ಯಾಕ್ಟೀರಿಯಾದಿಂದ ಸಾವಯವ ಕೊಳೆ ತೆಗೆಯುವ ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕೇ ಬೇಕು, ಇಲ್ಲದಿದ್ದರೆ ಲೋಹ ಮಣ್ಣಿಗೂ ಅಂತರ್ಜಲಕ್ಕೂ ಸೇರುತ್ತದೆ ಎಂಬುದು ಅವರ ಆತಂಕ.

ಇಲ್ಲಿ ಸುದ್ದಿಗಳಲ್ಲಿ ಸ್ಪಷ್ಟವಾಗದೆ ಉಳಿಯುವ ಒಂದು ವಿಷಯ ಇದೆ. ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ), ಬಿಒಡಿ (ಕೊಳೆಯುವ ಸಾವಯವ ಕೊಳಕಿನ ಅಳತೆ), ತೇಲುವ ಕಣ, ಮಲದ ಬ್ಯಾಕ್ಟೀರಿಯಾ ಇವುಗಳಿಗೆ ಮಿತಿ ಇದೆ. ಭಾರ ಲೋಹಕ್ಕೆ ಮಿತಿಯೇ ಇಲ್ಲ. ಅಂದರೆ ಒಂದು ಎಸ್‌ಟಿಪಿ ಪ್ರತಿ ಪರೀಕ್ಷೆಯಲ್ಲೂ ಪಾಸ್ ಆಗಬಹುದು, ಆ ಫಲಿತಾಂಶ ಲೋಹದ ಬಗ್ಗೆ ಏನನ್ನೂ ಹೇಳದೆ ಇರಬಹುದು. 'ಮಾನದಂಡ ಪಾಲನೆಯಾಗಿದೆ' ಎಂಬ ಮಾತೂ ನಿಜ, 'ಲೋಹದ ಬಗ್ಗೆ ಭರವಸೆ ಇಲ್ಲ' ಎಂಬ ಮಾತೂ ನಿಜ.

ಹಾಗಂತ ಎಸ್‌ಟಿಪಿಯಲ್ಲಿ ಲೋಹ ಕಡಿಮೆಯಾಗುವುದೇ ಇಲ್ಲ ಎಂದಲ್ಲ. ಕೊಳಚೆಯಲ್ಲಿ ಬಂದ ಲೋಹದ ಸಾಕಷ್ಟು ಪಾಲು ಬ್ಯಾಕ್ಟೀರಿಯಾದ ಮೈಗೆ ಅಂಟಿ ಸ್ಲಡ್ಜ್ (ತಳದಲ್ಲಿ ಸೇರುವ ಕೆಸರು) ಜೊತೆ ಕೆಳಗೆ ಕೂರುತ್ತದೆ. ಆದ್ದರಿಂದ ಹೊರಬರುವ ನೀರಿನಲ್ಲಿ ಲೋಹ ಕಡಿಮೆ ಕಾಣಬಹುದು. ಆದರೆ ಅದೇ ಸ್ಲಡ್ಜ್ ಒಣಗಿದ ಮೇಲೆ ಗೊಬ್ಬರವಾಗಿ ಹೊಲಕ್ಕೆ ಹೋದರೆ? ನೀರಿನಲ್ಲಿ ಹೋಗಬೇಕಿದ್ದ ಲೋಹ ಟ್ರ್ಯಾಕ್ಟರ್‌ನಲ್ಲಿ ಹೋದಂತಾಯಿತು.

'ಮೂರನೇ ಹಂತ' ಎಂಬ ಬೇಡಿಕೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಮರಳಿನ ಸೋಸುವಿಕೆ, ಸಾರಜನಕ-ರಂಜಕ ಇಳಿಸುವುದು, ಕ್ಲೋರಿನ್ ಅಥವಾ ಯುವಿ, ಕೆಲವೊಮ್ಮೆ ಇದ್ದಿಲಿನ ಫಿಲ್ಟರ್. ಸಾಮಾನ್ಯ ಇದ್ದಿಲು ಬಣ್ಣ, ವಾಸನೆ, ಸಾವಯವ ರಾಸಾಯನಿಕಗಳನ್ನು ಚೆನ್ನಾಗಿ ಹಿಡಿಯುತ್ತದೆ. ಲೋಹದ ವಿಷಯದಲ್ಲಿ ಅಷ್ಟು ಗಟ್ಟಿ ಅಲ್ಲ. ಮೂರನೇ ಹಂತ ಬಂದ ಮಾತ್ರಕ್ಕೆ ಲೋಹ ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಯಾವ ಲೋಹ, ಎಷ್ಟಕ್ಕೆ ಇಳಿಯಬೇಕು ಎಂದು ಟೆಂಡರ್‌ನಲ್ಲಿ ಬರೆದಿದ್ದರೆ ಮಾತ್ರ ಅದಕ್ಕೆ ಬೇಕಾದ ವ್ಯವಸ್ಥೆ ಬರುತ್ತದೆ.

ಕಾನೂನಿನ ಮಿತಿಗಳ ನಡುವಿನ ಕಂದಕ

ಕಾರ್ಖಾನೆಗಳಿಗೆ ಲೋಹದ ಮಿತಿ ಇದೆ. ಪರಿಸರ ಸಂರಕ್ಷಣಾ ನಿಯಮ 1986ರ ಸಾಮಾನ್ಯ ಮಾನದಂಡದ ಪ್ರಕಾರ ನದಿ-ಕೆರೆಗೆ ಬಿಡುವ ನೀರಿನಲ್ಲಿ ಪ್ರತಿ ಲೀಟರ್‌ಗೆ ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) 0.1 ಮಿಲಿಗ್ರಾಂ, ಸೀಸ 0.1 ಮಿಲಿಗ್ರಾಂ, ಕ್ಯಾಡ್ಮಿಯಂ 2 ಮಿಲಿಗ್ರಾಂ, ನಿಕ್ಕಲ್ 3 ಮಿಲಿಗ್ರಾಂ ದಾಟಬಾರದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹೇಳುವುದು ಕ್ಯಾಡ್ಮಿಯಂ 0.003 ಮಿಲಿಗ್ರಾಂ, ನಿಕ್ಕಲ್ 0.02 ಮಿಲಿಗ್ರಾಂ. ಕ್ಯಾಡ್ಮಿಯಂನಲ್ಲಿ ಎರಡರ ನಡುವಿನ ಅಂತರ ಆರುನೂರು ಪಟ್ಟಿಗೂ ಜಾಸ್ತಿ.

ಈ ಅಂತರದ ಹಿಂದೆ ಒಂದು ಊಹೆ ಇದೆ. ಕಾರ್ಖಾನೆಯ ನೀರು ತುಂಬಿ ಹರಿಯುವ ನದಿಗೆ ಬಿದ್ದು ತೆಳುವಾಗುತ್ತದೆ ಎಂಬ ಊಹೆ. ವೃಷಭಾವತಿಗೆ ಅದು ಹೊಂದುವುದಿಲ್ಲ. ಮಳೆಗಾಲ ಬಿಟ್ಟರೆ ಅದರಲ್ಲಿ ಹರಿಯುವುದೇ ನಗರದ ಬಳಸಿದ ನೀರು. ತೆಳು ಮಾಡಲು ಬೇರೆ ಒಳ್ಳೆಯ ನೀರು ಎಲ್ಲಿದೆ? ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯಿಂದಲೂ ನಗರದ ಪಶ್ಚಿಮ ಭಾಗದಿಂದಲೂ ಬಂದದ್ದೆಲ್ಲ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಬೈರಮಂಗಲದ ಕೆಳಗೆ ಬೇಬಿ ಕಾರ್ನ್, ಹಸುವಿನ ಮೇವು, ಹಿಪ್ಪುನೇರಳೆ ಬೆಳೆಯುತ್ತಾರೆ.

ಸುಣ್ಣ ಹಾಕಿದರೆ ಸಾಲದೆ?

ಎಲೆಕ್ಟ್ರೋಪ್ಲೇಟಿಂಗ್ ಘಟಕವನ್ನೇ ತೆಗೆದುಕೊಳ್ಳೋಣ. ಪೀಣ್ಯದಲ್ಲಿ ಇಂಥ ಸಣ್ಣ ಘಟಕಗಳು ಬೇಕಾದಷ್ಟಿವೆ. ವಾಹನದ ಬಿಡಿಭಾಗ, ನಲ್ಲಿ, ಬೋಲ್ಟುಗಳನ್ನು ನಿಕ್ಕಲ್ ಅಥವಾ ಕ್ರೋಮ್ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಆಮೇಲೆ ನೀರಿನಲ್ಲಿ ತೊಳೆಯುತ್ತಾರೆ. ಮೈಗೆ ಅಂಟಿಕೊಂಡು ಬಂದ ದ್ರಾವಣ ತೊಳೆಯುವ ನೀರಿಗೆ ಇಳಿಯುತ್ತದೆ. ಲೋಹದ ತ್ಯಾಜ್ಯ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಇದಕ್ಕೆ ಹಳೆಯ ಮದ್ದು ಇದೆ. ಆರು ವೇಲೆನ್ಸಿಯ ಕ್ರೋಮಿಯಂ ಇದ್ದರೆ ಮೊದಲು ಆಮ್ಲೀಯ ನೀರಿನಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಕಡಿಮೆ ವಿಷಕಾರಿಯಾದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಸುತ್ತಾರೆ. ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ ಏರಿಸುತ್ತಾರೆ. ಲೋಹ ಹೈಡ್ರಾಕ್ಸೈಡ್ ಆಗಿ ಮೊಸರಿನಂತೆ ಕಟ್ಟಿ ಕೆಳಗೆ ಕೂರುತ್ತದೆ. ಅಗ್ಗದ ದಾರಿ, ನಂಬಬಹುದಾದ ದಾರಿ. ದೊಡ್ಡ ಪಾಲಿನ ಲೋಹಕ್ಕೆ ಇಂದಿಗೂ ಇದೇ ಸರಿ.

ತೊಂದರೆ ಬರುವುದು ಕೊನೆಯ ಚೂರಿನಲ್ಲಿ. ಕ್ರೋಮಿಯಂ ಚೆನ್ನಾಗಿ ಕೂರುವುದು ಪಿಎಚ್ ಎಂಟೂವರೆಯ ಆಸುಪಾಸಿನಲ್ಲಿ. ನಿಕ್ಕಲ್‌ಗೆ ಹತ್ತು ದಾಟಬೇಕು, ಕ್ಯಾಡ್ಮಿಯಂಗೆ ಇನ್ನೂ ಮೇಲೆ. ನಿಕ್ಕಲ್‌ಗೆಂದು ಪಿಎಚ್ ಏರಿಸಿದರೆ ಕೂತಿದ್ದ ಕ್ರೋಮಿಯಂ, ಸತು ಮತ್ತೆ ಕರಗಲು ಶುರುವಾಗುತ್ತವೆ. ಎಲ್ಲ ಲೋಹ ಬೆರೆತ ನೀರಿಗೆ ಒಂದೇ ಸರಿಯಾದ ಪಿಎಚ್ ಇಲ್ಲವೇ ಇಲ್ಲ. ಇದರ ಮೇಲೆ ಪ್ಲೇಟಿಂಗ್‌ನಲ್ಲಿ ಬಳಸುವ ಸಯನೈಡ್, ಸಿಟ್ರೇಟ್, ಇಡಿಟಿಎ ತರದ ರಾಸಾಯನಿಕಗಳು ಲೋಹವನ್ನು ಬಿಗಿಯಾಗಿ ಹಿಡಿದುಕೊಂಡು ಕೂರಲು ಬಿಡುವುದಿಲ್ಲ. ಹೀಗೆ ಉಳಿದುಹೋಗುವ ಸ್ವಲ್ಪ ಲೋಹವನ್ನು ಹಿಡಿಯಲು ಈ ಹೊಸ ವಸ್ತುಗಳು ಬೇಕು.

ಹಿಡಿಯುವ ವಸ್ತುವಿನ ಒಳಗೆ

ಇವನ್ನು ಅಡ್ಸಾರ್ಬೆಂಟ್ ಎನ್ನುತ್ತಾರೆ. ಕೆಲಸ ನಡೆಯುವುದು ಮೇಲ್ಮೈಯಲ್ಲಿ. ನೀರಿನಲ್ಲಿ ಕರಗಿರುವ ಲೋಹದ ಅಯಾನು ಬಂದು ಆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅಂಟಲು ಎರಡು ಬೇಕು: ಜಾಗ ಮತ್ತು ಆಕರ್ಷಣೆ.

ಜಾಗದ ವಿಷಯದಲ್ಲಿ ವಿಜ್ಞಾನಿಗಳು ತುಂಬಾ ಮುಂದೆ ಹೋಗಿದ್ದಾರೆ. ಒಂದು ಗ್ರಾಂ ಒಳ್ಳೆಯ ಆಕ್ಟಿವೇಟೆಡ್ ಇದ್ದಿಲಿನ ಒಳಗಿನ ರಂಧ್ರಗಳ ಗೋಡೆಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಆಗುತ್ತದೆ. ಕೆಲವು ಎಂಒಎಫ್‌ಗಳಲ್ಲಿ ಒಂದೇ ಗ್ರಾಂಗೆ 7,000 ಚದರ ಮೀಟರ್ ದಾಟಿದೆ.

ಆಕರ್ಷಣೆ ಹುಟ್ಟಿಸಲು ಮೇಲ್ಮೈಗೆ ಬೇರೆ ಬೇರೆ ರಾಸಾಯನಿಕ ಗುಂಪುಗಳನ್ನು ಕೂರಿಸುತ್ತಾರೆ. ಗಂಧಕವಿರುವ ಗುಂಪು ಪಾದರಸವನ್ನು ಬಿಗಿಯಾಗಿ ಹಿಡಿಯುತ್ತದೆ. ಅಮೈನ್ ಗುಂಪು ತಾಮ್ರ, ನಿಕ್ಕಲ್‌ಗೆ ಹೊಂದುತ್ತದೆ. ಕಬ್ಬಿಣದ ಆಕ್ಸೈಡ್ ಆರ್ಸೆನಿಕ್ ಅನ್ನು ಎಳೆಯುತ್ತದೆ. ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್‌ನಲ್ಲಿ ಅಮೈನ್ ಗುಂಪು ತಾನಾಗಿಯೇ ಇದೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಕಾಸ್ಟಿಕ್ ಸೋಡಾದ ಜೊತೆ ಬಿಸಿ ಮಾಡಿದರೆ ಜಿಯೋಲೈಟ್ ಸಿಗುತ್ತದೆ. ಅದು ತನ್ನಲ್ಲಿರುವ ಸೋಡಿಯಂ ಬಿಟ್ಟುಕೊಟ್ಟು ಲೋಹವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳ ಬೂದಿಗೆ ಇದೂ ಒಂದು ದಾರಿ.

ಎಲ್ಲ ಲೋಹಕ್ಕೂ ಒಂದೇ ವಸ್ತು ಸಾಲದು. ಸೀಸ, ನಿಕ್ಕಲ್ ನೀರಿನಲ್ಲಿ ಧನ ಅಯಾನುಗಳಾಗಿ ಇರುತ್ತವೆ. ಆರು ವೇಲೆನ್ಸಿಯ ಕ್ರೋಮಿಯಂ ಆಮ್ಲಜನಕದ ಜೊತೆ ಸೇರಿ ಋಣ ಅಯಾನಾಗಿ ಓಡಾಡುತ್ತದೆ. ಒಂದನ್ನು ಎಳೆಯುವ ಮೇಲ್ಮೈ ಇನ್ನೊಂದನ್ನು ದೂರ ತಳ್ಳುತ್ತದೆ. 'ಎಲ್ಲ ಭಾರ ಲೋಹ ತೆಗೆಯುವ ಒಂದೇ ಪುಡಿ' ಎಂಬ ಸುದ್ದಿ ಕಂಡರೆ ಎರಡು ಸಲ ಓದುವುದು ಒಳ್ಳೆಯದು.

ಶೇ 99 ಎಲ್ಲಿಂದ ಬರುತ್ತದೆ

ಪ್ರಯೋಗಾಲಯದ ಪರೀಕ್ಷೆ ಸಾಮಾನ್ಯವಾಗಿ ಹೀಗಿರುತ್ತದೆ. ಶುದ್ಧ ಡಿಸ್ಟಿಲ್ಡ್ ನೀರಿಗೆ ಒಂದೇ ಲೋಹದ ಲವಣ ಬೆರೆಸುತ್ತಾರೆ. ಪಿಎಚ್ ಹೊಂದಿಸುತ್ತಾರೆ. ಪುಡಿ ಹಾಕಿ ಕೆಲವು ಗಂಟೆ ಅಲ್ಲಾಡಿಸುತ್ತಾರೆ. ಸೋಸಿ ಅಳೆಯುತ್ತಾರೆ. ವಸ್ತುವಿನ ಸ್ವಭಾವ ತಿಳಿಯಲು ಇದು ಬೇಕಾದ ಮೊದಲ ಹೆಜ್ಜೆ. ಆದರೆ ಪುಡಿ ಜಾಸ್ತಿ ಹಾಕಿದರೆ ಯಾವ ಸಾಧಾರಣ ವಸ್ತುವೂ ಶೇ 99 ತೋರಿಸಬಲ್ಲದು. ಶೇಕಡಾವಾರು ಒಂದನ್ನೇ ನೋಡಿದರೆ ವಸ್ತುವಿನ ಬೆಲೆ ತಿಳಿಯುವುದಿಲ್ಲ.

ಇನ್ನೊಂದು ಅಂಕಿ ಕೊಡುತ್ತಾರೆ: ಒಂದು ಗ್ರಾಂ ವಸ್ತು ಗರಿಷ್ಠ ಎಷ್ಟು ಮಿಲಿಗ್ರಾಂ ಲೋಹ ಹಿಡಿಯುತ್ತದೆ ಎಂದು. ನೂರು ವರ್ಷಕ್ಕೂ ಹಿಂದೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಕೊಟ್ಟ ಸಮೀಕರಣದಿಂದ ಇದನ್ನು ಲೆಕ್ಕ ಹಾಕುತ್ತಾರೆ. ಗರಿಷ್ಠ ಮಟ್ಟ ಸಿಗುವುದು ಲೀಟರ್‌ಗೆ ನೂರಾರು ಮಿಲಿಗ್ರಾಂ ಲೋಹ ಇರುವ ನೀರಿನಲ್ಲಿ. ನಾವು ಸ್ವಚ್ಛ ಮಾಡಬೇಕಿರುವ ನೀರಿನಲ್ಲಿ ಇರುವುದು ಒಂದು ಮಿಲಿಗ್ರಾಂಗೂ ಕಡಿಮೆ. ನೀರಿನಲ್ಲಿ ಲೋಹ ತೆಳುವಾದಷ್ಟೂ ಅದೇ ವಸ್ತು ಕಡಿಮೆ ಹಿಡಿಯುತ್ತದೆ. ಕಾಗದದಲ್ಲಿ 300 ಮಿಲಿಗ್ರಾಂ ಎಂದಿರುವುದು ನಿಜ ನೀರಿನಲ್ಲಿ ಹತ್ತೋ ಇಪ್ಪತ್ತೋ ಆಗಿ ಇಳಿದರೆ ಅಚ್ಚರಿ ಇಲ್ಲ.

ಮೂರನೆಯದು ಪೈಪೋಟಿ. ನಿಜವಾದ ಕೊಳಚೆಯಲ್ಲಿ ಸೀಸದ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಇರುತ್ತವೆ. ಸೀಸಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಇರುತ್ತವೆ. ಇದು ಬಸ್ಸಿನ ಸೀಟಿನ ಲೆಕ್ಕದಂತೆ. ಸೀಟು ಎಷ್ಟೇ ಇರಲಿ, ಮೊದಲು ಹತ್ತಿದ ಜನಜಂಗುಳಿಯೇ ಅದನ್ನು ತುಂಬಿದರೆ ನಾವು ಕೂರಿಸಬೇಕೆಂದಿದ್ದ ಒಬ್ಬರು ನಿಂತೇ ಇರಬೇಕಾಗುತ್ತದೆ. ಸೋಪು, ಎಣ್ಣೆ, ಸಾವಯವ ಕೊಳೆ ಬಂದು ರಂಧ್ರದ ಬಾಯಿಯನ್ನೇ ಮುಚ್ಚುವುದೂ ಉಂಟು.

ಇನ್ನು ಬಾಳಿಕೆ. ಪುಡಿಯನ್ನು ಕೊಳವೆಯಲ್ಲಿ ತುಂಬಿದರೆ ನೀರು ಹರಿಯುವುದಿಲ್ಲ, ಒತ್ತಡ ಏರುತ್ತದೆ. ಕಾಳಿನಂತೆ ಗಟ್ಟಿ ಮಾಡಿದರೆ ಒಳಗಿನ ಎಷ್ಟೋ ಜಾಗಕ್ಕೆ ನೀರು ಬೇಗ ತಲುಪದು. ಯಾಘಿ ತಂಡದ ಪ್ರಸಿದ್ಧ ಎಂಒಎಫ್-5 ತೇವದ ಗಾಳಿಗೇ ಕುಸಿಯುತ್ತದೆ. ನೀರಿನಲ್ಲಿ ನಿಲ್ಲುವ ಹರಳುಗಳು ಆಮೇಲೆ ಬಂದವು. ಓಸ್ಲೊ ವಿಶ್ವವಿದ್ಯಾಲಯದಿಂದ 2008ರಲ್ಲಿ ಹೊರಬಂದ ಜಿರ್ಕೋನಿಯಂನ ಯುಐಒ-66 ಅಂಥದ್ದು. ಬೆಲೆ ಇನ್ನೂ ಕೊಳಚೆ ಸಂಸ್ಕರಣೆಯ ಮಟ್ಟಕ್ಕೆ ಇಳಿದಿಲ್ಲ. ನೊಬೆಲ್ ಬಂದ ವಸ್ತು ಮುಂದಿನ ವರ್ಷವೇ ರಾಜಕಾಲುವೆಗೆ ಬರುತ್ತದೆ ಎಂದು ಕಾಯಬಾರದು.

ಗೆದ್ದ ಕಡೆ ಏನು ಮಾಡಿದರು

ಈ ವಸ್ತುಗಳು ಬರೀ ಕಾಗದದಲ್ಲೇ ಉಳಿದಿವೆ ಎಂದರೆ ತಪ್ಪಾಗುತ್ತದೆ. ಆರ್ಸೆನಿಕ್ ವಿಷಯದಲ್ಲಿ ಅವು ನಿಜಕ್ಕೂ ಕೆಲಸ ಮಾಡಿವೆ. ಆರ್ಸೆನಿಕ್ ಕಟ್ಟುನಿಟ್ಟಾಗಿ ಲೋಹವಲ್ಲ, ಆದರೆ ಅದನ್ನೂ ಈ ಗುಂಪಿನಲ್ಲೇ ಎಣಿಸುತ್ತಾರೆ. ಐಐಟಿ ಮದ್ರಾಸಿನ ಪ್ರೊ. ಟಿ. ಪ್ರದೀಪ್ ತಂಡ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್‌ನ ಅತಿ ಸಣ್ಣ ಕಣಗಳನ್ನು ಕೈಟೋಸಾನ್‌ನ ಚೌಕಟ್ಟಿನಲ್ಲಿ ಕೂರಿಸಿ 'ಅಮೃತ್' ಎಂಬ ತಂತ್ರಜ್ಞಾನ ರೂಪಿಸಿತು. ಅದು ಲಕ್ಷಾಂತರ ಜನರಿಗೆ ಕುಡಿಯುವ ನೀರು ಕೊಟ್ಟಿದೆ.

ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅದಕ್ಕೂ ಮೊದಲಿನ ಇನ್ನೊಂದು ಪ್ರಯತ್ನ ನಡೆಯಿತು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತ ಮತ್ತು ಬಂಗಾಳದ ಸಹೋದ್ಯೋಗಿಗಳು ಕೈಪಂಪಿಗೆ ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಕಂಬಗಳನ್ನು ಜೋಡಿಸಿದರು. ಊರಿನವರೇ ಸಮಿತಿ ಮಾಡಿ ನಡೆಸಿದರು. ಅಲ್ಯೂಮಿನಾದಲ್ಲಿ ಆರ್ಸೆನಿಕ್ ತುಂಬಿದಾಗ ಅದನ್ನು ಎಸೆಯಲಿಲ್ಲ. ಒಂದು ಕೇಂದ್ರಕ್ಕೆ ಒಯ್ದು, ರಾಸಾಯನಿಕದಿಂದ ತೊಳೆದು, ಮತ್ತೆ ತಂದು ತುಂಬಿದರು. ತೊಳೆದಾಗ ಬಂದ ಆರ್ಸೆನಿಕ್ ಸ್ಲಡ್ಜ್ ಅನ್ನು ಗಾಳಿಯಾಡುವ ಮರಳಿನ ತೊಟ್ಟಿಯಲ್ಲಿ ಇಟ್ಟರು. ಆಮ್ಲಜನಕ ಇರುವಲ್ಲಿ ಆರ್ಸೆನಿಕ್ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸುಮ್ನೆ ಹಳ್ಳಕ್ಕೆ ಎಸೆದು ಮುಚ್ಚಿದ್ದರೆ ಗಾಳಿ ಇಲ್ಲದೆ ಅದು ಮತ್ತೆ ಕರಗಿ ಅಂತರ್ಜಲಕ್ಕೇ ಇಳಿಯುತ್ತಿತ್ತು.

ಅಲ್ಯೂಮಿನಾ ಜಗತ್ತಿನ ಅತಿ ಚುರುಕಾದ ವಸ್ತುವೇನಲ್ಲ. ಆದರೂ ಈ ಪ್ರಯತ್ನ ನಿಂತಿತು. ತುಂಬಿದ ವಸ್ತುವನ್ನು ಯಾರು ಒಯ್ಯಬೇಕು, ಎಲ್ಲಿ ತೊಳೆಯಬೇಕು, ತೊಳೆದದ್ದು ಎಲ್ಲಿರಬೇಕು ಎಂಬ ಮೂರಕ್ಕೂ ಅಲ್ಲಿ ಮೊದಲೇ ಉತ್ತರ ಇತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಇದೇ ದಿಕ್ಕಿನಲ್ಲಿ ಯೋಚಿಸಿದೆ. ಅವರ ವಿಧಾನದಲ್ಲಿ ಕೈಟೋಸಾನ್ ಆಧಾರಿತ ವಸ್ತು ಆರ್ಸೆನಿಕ್ ಹಿಡಿಯುತ್ತದೆ. ಆಮೇಲೆ ಅದನ್ನು ಕ್ಷಾರದಿಂದ ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಸೇರಿದ ಆರ್ಸೆನಿಕ್ ಅನ್ನು ಹಸುವಿನ ಸಗಣಿಯ ಸೂಕ್ಷ್ಮಜೀವಿಗಳು ಕಡಿಮೆ ವಿಷಕಾರಿಯಾದ ಸಾವಯವ ರೂಪಕ್ಕೆ ತಿರುಗಿಸುತ್ತವೆ. ಈ ಕೊನೆಯ ಹೆಜ್ಜೆಯನ್ನೂ ಸಂಶೋಧನೆಯ ಭಾಗವಾಗಿಯೇ ನೋಡಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಆದರೆ ಈ ದಾರಿ ಆರ್ಸೆನಿಕ್‌ನ ರಸಾಯನಕ್ಕೆ ಹೊಂದುವಂಥದ್ದು. ನಿಕ್ಕಲ್, ಕ್ಯಾಡ್ಮಿಯಂಗೆ ಇದನ್ನೇ ಹಚ್ಚಲಾಗದು.

ಒಂದೇ ಲೋಹ, ಎರಡು ಜಾಗ

ಈಗ ಒಂದು ಸರಳ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ದಿನಕ್ಕೆ 44 ಕೋಟಿ ಲೀಟರ್ ನೀರಿನಲ್ಲಿ ಲೀಟರ್‌ಗೆ 0.05 ಮಿಲಿಗ್ರಾಂ ನಿಕ್ಕಲ್ ಇದೆ ಎಂದುಕೊಳ್ಳಿ. ಒಟ್ಟು ಲೋಹ ದಿನಕ್ಕೆ 22 ಕೆ.ಜಿ. ಇಷ್ಟು ತೆಳುವಾದ, ಬೆರಕೆ ನೀರಿನಲ್ಲಿ ಒಂದು ಗ್ರಾಂ ವಸ್ತು 10 ಮಿಲಿಗ್ರಾಂ ಹಿಡಿಯಿತು ಎಂದರೂ ದಿನಕ್ಕೆ 2,200 ಕೆ.ಜಿ. ವಸ್ತು ಬೇಕು. ಅಷ್ಟನ್ನೂ ದಿನಾ ಬದಲಿಸಬೇಕು ಅಥವಾ ತೊಳೆಯಬೇಕು. ಜೊತೆಗೆ 44 ಕೋಟಿ ಲೀಟರನ್ನೂ ಅದರ ಮೂಲಕ ಒತ್ತಡ ಹಾಕಿ ಹಾಯಿಸಬೇಕು.

ಅದೇ 22 ಕೆ.ಜಿ. ನಿಕ್ಕಲ್ ಹುಟ್ಟುವ ಜಾಗಕ್ಕೆ ಹೋಗೋಣ. ಪ್ಲೇಟಿಂಗ್ ಘಟಕದ ತೊಳೆಯುವ ನೀರಿನಲ್ಲಿ ಲೀಟರ್‌ಗೆ 50 ಮಿಲಿಗ್ರಾಂ ಇದೆ ಎಂದರೆ, 22 ಕೆ.ಜಿ. ಇರುವುದು ಬರೀ 4.4 ಲಕ್ಷ ಲೀಟರ್‌ನಲ್ಲಿ. ನೀರಿನ ಗಾತ್ರ ಸಾವಿರದ ಒಂದು ಪಾಲಿಗೆ ಇಳಿಯಿತು. ಲೋಹ ದಟ್ಟವಾಗಿರುವುದರಿಂದ ವಸ್ತು ತನ್ನ ಪೂರ್ತಿ ಶಕ್ತಿಯ ಹತ್ತಿರ ಕೆಲಸ ಮಾಡುತ್ತದೆ. ಸೋಪು, ಮಲ, ಎಣ್ಣೆಯ ಕಾಟ ಇಲ್ಲ. ಇರುವುದು ಯಾವ ಲೋಹ ಎಂದು ಮೊದಲೇ ಗೊತ್ತು, ಅದಕ್ಕೆ ತಕ್ಕ ವಸ್ತು ಆರಿಸಬಹುದು.

ಇನ್ನೊಂದು ಲಾಭವಿದೆ. ನಿಕ್ಕಲ್ ತೊಳೆದ ನೀರನ್ನು ಬೇರೆಯೇ ಇಟ್ಟು ಅಯಾನು ವಿನಿಮಯದ ರೆಸಿನ್ (ತನ್ನ ಅಯಾನು ಬಿಟ್ಟುಕೊಟ್ಟು ಲೋಹ ಹಿಡಿಯುವ ಪ್ಲಾಸ್ಟಿಕ್ ಮಣಿಗಳು) ಮೂಲಕ ಹಾಯಿಸಿದರೆ ರೆಸಿನ್ ನಿಕ್ಕಲ್ ಹಿಡಿಯುತ್ತದೆ. ಗಂಧಕಾಮ್ಲದಿಂದ ತೊಳೆದರೆ ನಿಕ್ಕಲ್ ಸಲ್ಫೇಟ್ ಹೊರಬರುತ್ತದೆ. ಪ್ಲೇಟಿಂಗ್ ತೊಟ್ಟಿಗೆ ಹಾಕುವ ಮುಖ್ಯ ಲವಣವೇ ಅದು. ನಿಕ್ಕಲ್ ದುಬಾರಿ ಲೋಹ, ಚರಂಡಿಗೆ ಹೋದದ್ದು ಘಟಕದವರ ದುಡ್ಡೇ. ಆದರೆ ನಿಕ್ಕಲ್, ಕ್ರೋಮ್, ಸತುವಿನ ನೀರನ್ನೆಲ್ಲ ಒಂದೇ ಗುಂಡಿಗೆ ಬಿಟ್ಟರೆ ಈ ಅವಕಾಶ ಅಲ್ಲಿಗೇ ಮುಗಿಯಿತು. ಆಮೇಲೆ ಅದು ಸ್ಲಡ್ಜ್ ಆಗುವುದೊಂದೇ ದಾರಿ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಹೊಸ ವಸ್ತುಗಳ ಸರಿಯಾದ ಜಾಗ ಘಟಕದ ಹೊರಹರಿವಿನ ಪೈಪಿನ ತುದಿ. ಎಸ್‌ಟಿಪಿಯ ತುದಿಯಲ್ಲಿ ಅವು ಕಾವಲಿಗೆ ಇರಬಹುದು. ಮೊದಲ ಕಡೆ ತಪ್ಪಿದ್ದನ್ನೆಲ್ಲ ಎರಡನೇ ಕಡೆ ಹಿಡಿಯುತ್ತೇವೆ ಎಂಬ ಯೋಜನೆ ದುಡ್ಡಿನಲ್ಲೇ ಮುಳುಗುತ್ತದೆ.

ಘಟಕ ನಡೆಸುವವರ ಕಷ್ಟವನ್ನೂ ಕೇಳಬೇಕು. ಹತ್ತು ಜನ ಕೆಲಸ ಮಾಡುವ ಬಾಡಿಗೆ ಶೆಡ್‌ನಲ್ಲಿ ರೆಸಿನ್ ಕಂಬ, ಆಮ್ಲದ ಟ್ಯಾಂಕ್, ನೋಡಿಕೊಳ್ಳಲು ಕೆಮಿಸ್ಟ್ ಇದನ್ನೆಲ್ಲ ಇಟ್ಟುಕೊಳ್ಳುವುದು ಸುಲಭವಲ್ಲ. ಇಂಥವರ ನೀರನ್ನು ಟ್ಯಾಂಕರ್‌ನಲ್ಲಿ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಒಯ್ಯುವ ವ್ಯವಸ್ಥೆ ಇದೆ. ಆದರೆ ಟ್ಯಾಂಕರ್‌ಗೆ ದುಡ್ಡು ಕೊಡಬೇಕು, ಪಕ್ಕದ ಚರಂಡಿಗೆ ಬಿಟ್ಟರೆ ಕೊಡಬೇಕಿಲ್ಲ. ರಾತ್ರಿ ಹೊತ್ತು ಚರಂಡಿ ಗೆಲ್ಲುವುದು ಈ ಕಾರಣಕ್ಕೆ. ಬಂಗಾಳದ ಮಾದರಿ ಇಲ್ಲಿಗೆ ಹೊಂದುತ್ತದೆ. ಘಟಕದಲ್ಲಿ ಬರೀ ಕಾರ್ಟ್ರಿಜ್ (ಲೋಹ ಹಿಡಿಯುವ ವಸ್ತು ತುಂಬಿದ ಕೊಳವೆ) ಇರಲಿ. ತುಂಬಿದಾಗ ಒಂದು ವಾಹನ ಬಂದು ಅದನ್ನು ಒಯ್ದು ಖಾಲಿಯದು ಕೊಡಲಿ. ತೊಳೆದು ಲೋಹ ತೆಗೆಯುವ ಕೆಲಸ ಒಂದೇ ಕೇಂದ್ರದಲ್ಲಿ ನಡೆಯಲಿ. ನೀರು ಸಾಗಿಸುವುದಕ್ಕಿಂತ ಕಾರ್ಟ್ರಿಜ್ ಸಾಗಿಸುವುದು ಎಷ್ಟೋ ಹಗುರ.

ಮರುಬಳಕೆ ಮಾಡಲಾಗದ, ಲೋಹ ತುಂಬಿದ ವಸ್ತು ಕಾನೂನಿನ ಕಣ್ಣಿನಲ್ಲಿ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ಅದು ದಾಬಸ್‌ಪೇಟೆಯಲ್ಲಿರುವಂಥ ಸುರಕ್ಷಿತ ಭರ್ತಿ ಜಾಗಕ್ಕೇ ಹೋಗಬೇಕು. ಒಂದು ಕಿಲೋ ವಸ್ತುವಿನ ಬೆಲೆ ಹೇಳುವಾಗ ಈ ಸಾಗಣೆ, ವಿಲೇವಾರಿಯ ಖರ್ಚನ್ನೂ ಸೇರಿಸಬೇಕು. ಎಷ್ಟೋ ಪ್ರಬಂಧಗಳ 'ಅಗ್ಗದ ವಸ್ತು' ಎಂಬ ಮಾತಿನಲ್ಲಿ ಇದು ಸೇರಿರುವುದಿಲ್ಲ.

ಮುಂದೆ ಏನಾಗಬಹುದು

ವೃಷಭಾವತಿಯ ನೀರನ್ನೂ ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಕೆರೆಗಳಿಗೆ ಏರಿಸುವ ಯೋಜನೆ ಸರ್ಕಾರದ ಕೈಯಲ್ಲಿದೆ. ಕೈಗಾರಿಕೆಯ ನೀರು ಬೆರೆಯುವ ಕಣಿವೆ ಇದು. ಕೆ.ಸಿ. ವ್ಯಾಲಿಯಲ್ಲಿ ಎದ್ದ ಪ್ರಶ್ನೆಗಳು ಇಲ್ಲಿ ಇನ್ನೂ ಜೋರಾಗಿ ಏಳುತ್ತವೆ.

ಎಸ್‌ಟಿಪಿಗಳ ಮಾನದಂಡಕ್ಕೆ ಲೋಹವನ್ನು ಸೇರಿಸದಿದ್ದರೆ ಈಗಿನ ಸ್ಥಿತಿಯೇ ಮುಂದುವರಿಯುತ್ತದೆ. ಪ್ರಯೋಗಾಲಯಗಳು ಹೊಸ ವಸ್ತು ಮಾಡುತ್ತಲೇ ಇರುತ್ತವೆ. ಕೊಳ್ಳಲೇಬೇಕಾದ ಒತ್ತಡ ಯಾರ ಮೇಲೂ ಇಲ್ಲದ ಕಾರಣ ಅವು ಪ್ರಬಂಧದಿಂದ ಆಚೆ ಬರುವುದಿಲ್ಲ. ಸೇರಿಸಿದರೆ ಮೊದಲು ನಗರದ ಜಲಮಂಡಳಿಗೆ ತಲೆನೋವು ಬರುತ್ತದೆ, ಎಸ್‌ಟಿಪಿ ಫೇಲ್ ಆಗಲು ಶುರುವಾಗುತ್ತದೆ. ಆಗ ಲೋಹ ಯಾವ ಬೀದಿಯ ಮ್ಯಾನ್‌ಹೋಲ್‌ನಿಂದ ಬರುತ್ತಿದೆ ಎಂದು ಹಿಂದಕ್ಕೆ ಹುಡುಕುತ್ತಾ ಹೋಗಲೇಬೇಕಾಗುತ್ತದೆ. ಹುಡುಕಾಟ ಘಟಕದ ಬಾಗಿಲಿಗೆ ಮುಟ್ಟಿದಾಗ ಕಾರ್ಟ್ರಿಜ್‌ಗೂ ರೆಸಿನ್‌ಗೂ ಬೇಡಿಕೆ ಹುಟ್ಟುತ್ತದೆ.

ಈಗಾಗಲೇ ಹೋಗಿರುವ ಲೋಹದ ವಿಷಯ ಬೇರೆ. ಬೈರಮಂಗಲ, ಬೆಳ್ಳಂದೂರು, ವರ್ತೂರು ಕೆರೆಗಳಿಗೆ ದಶಕಗಳಿಂದ ಬಂದದ್ದು ಹೂಳಿನಲ್ಲಿ ಕೂತಿದೆ. ನೀರು ಶುದ್ಧವಾದರೂ ಹೂಳಿನಿಂದ ಅದು ನಿಧಾನವಾಗಿ ಮತ್ತೆ ಮೇಲಕ್ಕೆ ಬರಬಹುದು. ಆಮ್ಲಜನಕ ಅಥವಾ ಪಿಎಚ್ ಬದಲಾದಾಗ ಹಾಗಾಗುತ್ತದೆ. ನೀರಿಗೆಂದು ಮಾಡಿದ ಫಿಲ್ಟರ್ ಹೂಳಿಗೆ ಬಾರದು. ಅಲ್ಲಿ ಬಯೋಚಾರ್ (ಕೃಷಿ ತ್ಯಾಜ್ಯದಂಥವುಗಳ ಇದ್ದಿಲು), ಸುಣ್ಣ, ಫಾಸ್ಫೇಟ್ ಬೆರೆಸಿ ಲೋಹವನ್ನು ಇದ್ದಲ್ಲೇ ಕಟ್ಟಿಹಾಕುವ ದಾರಿ ಇದೆ. ಅದು ಲೋಹವನ್ನು ತೆಗೆಯುವುದಿಲ್ಲ, ಬೇರಿಗೆ ಸಿಗದಂತೆ ಮಾಡುತ್ತದೆ, ಅಷ್ಟೇ. ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಸುವ ರೈತರು ಅದಕ್ಕೂ ಮೊದಲು ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್ ಪರೀಕ್ಷೆಯ ವರದಿ ಕೇಳಬೇಕು. ಆ ಪರೀಕ್ಷೆಯ ಖರ್ಚನ್ನು ಹೂಳು ತೆಗೆಸುವ ಇಲಾಖೆಯೇ ಭರಿಸಬೇಕು.